ಕುದುರೆಗೆ ತಿಳಿಯದ ‘ಚ್’

ಅಫಜಲಪುರ ಬಸ್ ಸ್ಟ್ಯಾಂಡ್

ನಮ್ಮ ಕಡೆ ‘ಇಲ್ಲ’ ಅನ್ನುವುದಕ್ಕೆ ಬಾಯಿ ತೆರೆಯಬೇಕಾಗಿಲ್ಲ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಒತ್ತಿ ಥಟ್ಟನೆ ಬಿಟ್ಟರೆ ಸಾಕು: ಚ್. ‘ಜೇವರ್ಗಿ ಬಸ್ ಬಂತೇನ್ರಿ?’ ‘ಚ್.’ ‘ಊಟ ಆತೇನು?’ ‘ಚ್.’ ಮುಗಿಯಿತು. ಅದನ್ನೇ ಮೂರು ಸಲ ಮಾಡಿದರೆ ‘ಅಯ್ಯೋ ಪಾಪ’ ಎಂದು ಅರ್ಥ. ಇಷ್ಟು ಸೋವಿಯ ಮಾತು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವ ನಾನೇ ತರಗತಿಯಲ್ಲಿ ಅರ್ಧ ಉತ್ತರಗಳನ್ನು ಹೀಗೆ ಕೊಟ್ಟಿದ್ದೇನೆ.

ಈ ‘ಚ್’ ಕಟ್ಟಿಕೊಂಡು ನಾನು ಇಂಗ್ಲೆಂಡಿಗೆ ಹೋಗಿಬಂದೆ. ಹೋಗಿಬಂದವರೆಲ್ಲ ರಾಣಿಯ ಅರಮನೆ, ದೊಡ್ಡ ಗಡಿಯಾರ ಅಂತ ಹೇಳುತ್ತಾರೆ. ನಾನು ಅವೆರಡನ್ನೂ ನೋಡಲಿಲ್ಲ. ನಾನು ಕಣ್ತುಂಬ ನೋಡಿದ್ದು ಒಂದು ಬಿಳಿ ಕುದುರೆಯ ಕಿವಿಗಳನ್ನು, ಅದೂ ಹಿಂದಿನಿಂದ. ಊರಿನಲ್ಲಿ ಎಲ್ಲರೂ ‘ಟೀಚರ್, ಇಂಗ್ಲೆಂಡ್ ಹೆಂಗಿತ್ತು?’ ಎಂದು ಕೇಳುತ್ತಾರೆ. ಛಲೋ ಇತ್ತು ಎಂದು ಹೇಳಿ ಜಾರಿಕೊಳ್ಳುತ್ತೇನೆ. ಜಾರಿಕೊಂಡು ಜಾರಿಕೊಂಡು ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ನನ್ನ ತಂಗಿ ಕಸ್ತೂರಿಗೆ ಎರಡನೆಯ ಹೆರಿಗೆಯಾಗಿತ್ತು. ಆಕೆಯ ಗಂಡ ಆಳಂದದವರು, ತೊಗರಿ ವ್ಯಾಪಾರದ ಮನೆತನ. ಡಾಕ್ಟರಿಕೆ ಓದಿ ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್‌ಶೈರಿನ ಒಂದು ಸಣ್ಣ ಊರಿನ ದವಾಖಾನೆಯಲ್ಲಿ ಇದ್ದರು. ನಮ್ಮವ್ವ ಇಲ್ಲ. ಬಾಣಂತನ ಮಾಡುವವರು ಯಾರು? ಶಾಲೆಗೆ ರಜೆ ಬಂದಿತ್ತು, ನಾನೇ ಹೊರಟೆ. ಬಾಣಂತಿಗೆಂದು ಅಂಟಿನುಂಡಿ, ಅಳವಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಲ್ಲ ಕಟ್ಟಿದೆ. ಬಸ್ ಹತ್ತಿ ಕುಳಿತ ಮೇಲೆ ನಮ್ಮ ಮನೆಯವರು ಕಿಟಕಿಯ ಹತ್ತಿರ ಬಂದು ಕೇಳಿದರು, “ಹೆದರಿಕಿ ಆಗಾಕತ್ತದೇನು?”

“ಚ್,” ಅಂದೆ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದುದು ಕಿಟಕಿಯಿಂದ ಕಾಣುತ್ತಿರಲಿಲ್ಲ.

ಲಂಡನ್ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳುವುದೇನೂ ಇಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದೆ. ಇಳಿದ ಮೇಲೆ ಸಾಮಾನು ತಪಾಸಣೆ ಮಾಡುವ ಒಬ್ಬ ಎತ್ತರದ ಮನುಷ್ಯ ಬಹಳ ಮರ್ಯಾದೆಯಿಂದ ನನ್ನನ್ನು ನಿಲ್ಲಿಸಿದ. “ಮಾಂಸ, ಗಿಡ, ಬೀಜ ಏನಾದರೂ ಇದೆಯೇ?” ಎಂದು ಕೇಳಿದ. ಇಂಗ್ಲಿಷ್ ಓದಿದ್ದೇನೆ, ಅಷ್ಟು ತಿಳಿಯಿತು. ಮಾಂಸ! ನಮ್ಮ ಲಿಂಗವಂತರ ಮನೆಯ ಗಂಟಿನಲ್ಲಿ! ಜೋರಾಗಿಯೇ “ಚ್!” ಅಂದೆ.

ಆತನ ಮುಖ ಕೆಂಪಾಯಿತು. ನಗು ಹೋಯಿತು. ನನ್ನ ಡಬ್ಬಿಗಳನ್ನು ಒಂದೊಂದಾಗಿ ತೆರೆಸಿದ, ಅಂಟಿನುಂಡಿಯನ್ನು ಒಡೆದು ನೋಡಿದ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಖಾರದ ಪುಡಿಯನ್ನು ಮೂಸಿ ಸೀನಿದ. ಇದೇನು ಎಂದು ಕೇಳಿದಾಗ ನನಗೆ ಇಂಗ್ಲಿಷ್ ಸಿಗಲಿಲ್ಲ. ಹಿಂಡಿಗೆ ನಿಘಂಟಿನಲ್ಲಿ ಕೊಟ್ಟ ಅರ್ಥ ಒಂದೇ ನೆನಪಿತ್ತು, ದನಕ್ಕೆ ಹಾಕುವ ಎಣ್ಣೆ ಹಿಂಡಿ. ಅದನ್ನೇ ಹೇಳಿದೆ. ಆತ ನನ್ನನ್ನೂ ಡಬ್ಬಿಯನ್ನೂ ಎರಡೆರಡು ಸಲ ನೋಡಿದ. ಇವರದು ಎಂಥ ಹೊಟ್ಟೆ ಅಂದುಕೊಂಡನೋ ಏನೋ, ಕೊನೆಗೆ ಬಿಟ್ಟ. ಇಷ್ಟು ಸಭ್ಯ ಮನುಷ್ಯನಿಗೆ ಒಮ್ಮೆಲೇ ಸಿಟ್ಟು ಯಾಕೆ ಬಂತು ಎಂದು ನನಗೆ ಆಗ ತಿಳಿಯಲಿಲ್ಲ.

ತಂಗಿಯ ಮನೆ

ಆ ಊರಿನಲ್ಲಿ ಗುರುತಿಲ್ಲದವರೂ ‘ಲವ್’ ಎಂದು ಕರೆಯುತ್ತಾರೆ. ಬಸ್ಸಿನ ಕಂಡಕ್ಟರ್, ತರಕಾರಿ ಮಾರುವಾಕೆ, ಎಲ್ಲರಿಗೂ ಎಲ್ಲರೂ ಲವ್. ಮೊದಲ ದಿನ ಕಂಡಕ್ಟರ್ ಹಾಗೆಂದಾಗ ನಾನು ಸೆರಗು ಹೊದ್ದುಕೊಂಡು ಕೆಳಗೆ ನೋಡಿದೆ. ಕಸ್ತೂರಿ ನಕ್ಕು ನಕ್ಕು ಹೊಲಿಗೆ ನೋಯಿಸಿಕೊಂಡಳು. ನಮ್ಮಲ್ಲಿ ‘ಅಕ್ಕಾ’, ‘ಬಾಯೀ’ ಅನ್ನುವುದಿಲ್ಲವೇ, ಹಾಗೆಯೇ ಇದು ಅಂದಳು. ಇರಲಿ. ಬಾಣಂತಿಗೆ ಎಣ್ಣೆ ನೀರು ಎರೆಯಲು ಹೋದರೆ ಅವರ ಬಚ್ಚಲಿನಲ್ಲಿ ನೀರು ಹರಿಯಲು ದಾರಿಯೇ ಇಲ್ಲ, ನೆಲಕ್ಕೆ ಕಂಬಳಿಯಂಥ ಜಮಖಾನೆ ಹಾಸಿದ್ದಾರೆ. ಎರಡನೆಯ ದಿನವೇ ಕೆಳಗಿನ ಕೋಣೆಯ ಮಾಳಿಗೆ ತೊಯ್ದು ಡಾಕ್ಟರ್ ಸಾಹೇಬರ ತಲೆಯ ಮೇಲೆ ಹನಿ ಬಿತ್ತು. “ಅಕ್ಕಾರ, ಇಲ್ಲೂ ಮಳಿ ಸುರು ಆತು ನೋಡ್ರಿ,” ಎಂದರು ಪುಣ್ಯಾತ್ಮರು. ಒಂದು ಗಡುಸು ಮಾತಾಡಲಿಲ್ಲ.

ನನಗೆ ನೋವಾದದ್ದು ಇವುಗಳಿಂದಲ್ಲ, ಗೌರಿಯಿಂದ. ಗೌರಿ ತಂಗಿಯ ದೊಡ್ಡ ಮಗಳು. ಒಂಬತ್ತು ತುಂಬುವುದರಲ್ಲಿತ್ತು. ನನ್ನನ್ನು ‘ದೊಡ್ಡವ್ವ’ ಎಂದು ಕರೆಯುತ್ತಿದ್ದಳು, ಮನೆಯಲ್ಲಿ ನಮ್ಮ ಭಾಷೆಯೇ. ಆದರೆ ಸಂಜೆ ಶಾಲೆಯಿಂದ ಕರೆತರಲು ಹೋದರೆ ನನಗಿಂತ ದೂರ ಮುಂದೆ ಮುಂದೆ ನಡೆಯುತ್ತಿದ್ದಳು. ನಾನು ಇಳಕಲ್ ಸೀರೆಯ ಮೇಲೆ ಡಾಕ್ಟರ್ ಸಾಹೇಬರ ಸ್ವೆಟರ್ ಹಾಕಿ, ಕಾಲುಚೀಲದ ಮೇಲೆ ಚಪ್ಪಲಿ ತೊಡುತ್ತಿದ್ದೆ. ಚಳಿ, ಏನು ಮಾಡಲಿ? ಒಂದು ದಿನ ಹೇಳಿಯೇ ಬಿಟ್ಟಳು. “ದೊಡ್ಡವ್ವ, ನೀ ಗೇಟಿಗಿ ಬರಬ್ಯಾಡ. ಮೂಲ್ಯಾಗ ನಿಂದ್ರು.”

ಆ ತರಗತಿಯಲ್ಲಿ ನಮ್ಮ ಬಣ್ಣದ ಮಗು ಇದೊಂದೇ. ಟ್ರೇಸಿ ಎಂಬ ಹುಡುಗಿ ಇದ್ದಳು, ಆಕೆಯ ಜೊತೆ ಆಡುವವರೇ ಅಲ್ಲಿ ಮನುಷ್ಯರು. ಉಳಿದವರು ಗೋಡೆಗೆ ಆತುಕೊಂಡು ನಿಲ್ಲಬೇಕು. ಗೌರಿ ಗೋಡೆಗೆ ಆತುಕೊಂಡು ನಿಲ್ಲುತ್ತಿದ್ದುದನ್ನು ನಾನೇ ಮೂಲೆಯಿಂದ ಕಂಡೆ. 

ಒಂದು ಭಾನುವಾರ ಆಕೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಬೇಜಾರಿನಿಂದ ಕೇಳಿದಳು, “ನಿಮ್ಮ ನೆಲೋಗಿಯೊಳಗ ಏನೇನದ?”

ನೆಲೋಗಿ ನಮ್ಮ ತವರೂರು. ತೊಗರಿ, ಜೋಳ, ನಮ್ಮ ಎತ್ತುಗಳು ಎಂದೆ. ಆಕಳಿಸಿದಳು.

“ಕುದುರಿ ಅದೇನು?”

ನಾಲಿಗೆ ಹಲ್ಲಿನ ಹಿಂದೆ ಸಿದ್ಧವಾಗಿ ನಿಂತಿತ್ತು. ಒಂದೇ ಒಂದು ಚ್. ಜೀವನವಿಡೀ ಬೇಕಾದಲ್ಲಿ ಬೇಡವಾದಲ್ಲಿ ಉದುರಿಸಿದ ಆ ಚ್ ಅವತ್ತು ಮಾತ್ರ ಹೊರಗೆ ಬರಲಿಲ್ಲ.

“ಇತ್ತಲ್ಲ!” ಅಂದೆ. “ನಿಮ್ಮ ಮುತ್ಯಾಂದು. ಮೋತಿ ಅಂತ ಹೆಸರು. ನಾ ಅದರ ಮ್ಯಾಲ ಕುಂತು ಜೇವರ್ಗಿ ಸಂತಿಗಿ ಹೋಗ್ತಿದ್ದೆ.”

ಗೌರಿ ಗಿರ್ರನೆ ತಿರುಗಿದಳು. ಎಣ್ಣೆ ಬಟ್ಟಲು ಚೆಲ್ಲಿತು. “ಒಬ್ಬಾಕೀನೇ?”

“ಒಬ್ಬಾಕೀನೇ. ಭೀಮಾ ನದಿಯೊಳಗ ಈಜಿಸಿಕೊಂಡ ಆಚಿ ದಂಡಿಗಿ ಹೋಗ್ತಿದ್ದೆ!”

ಖರೆ ಸಂಗತಿ ಹೇಳುತ್ತೇನೆ. ಆಕೆಯ ಮುತ್ಯಾನಿಗೆ, ಅಂದರೆ ನಮ್ಮಪ್ಪನಿಗೆ, ಇದ್ದದ್ದು ಒಂದು ಚಕ್ಕಡಿ, ಒಂದು ಜೋಡಿ ಎತ್ತು. ಕುದುರೆ ಇದ್ದದ್ದು ಊರ ಗೌಡರ ಮನೆಯಲ್ಲಿ. ಅದು ಒಮ್ಮೆ ನನ್ನ ಹತ್ತಿರ ಸೀನಿತು ಎಂದು ನಾನು ಓಡಿಹೋಗಿ ಕಣಿಕೆ ಬಣವೆಯ ಹಿಂದೆ ಸಂಜೆಯವರೆಗೆ ಕುಳಿತಿದ್ದೆ. ಆದರೆ ಆ ಭಾನುವಾರ ಗೌರಿ ಮೊದಲ ಸಲ ನನ್ನನ್ನು ಕಣ್ಣೆತ್ತಿ ನೋಡಿದಳು. ಆ ನೋಟಕ್ಕಾಗಿ ಇನ್ನೂ ನಾಲ್ಕು ಸುಳ್ಳು ಹೇಳಿದೆ. ಮರುದಿನದಿಂದ ಆಕೆ ನನ್ನ ಕೈ ಹಿಡಿದು ನಡೆದಳು. ಕಾಲುಚೀಲ, ಚಪ್ಪಲಿ ಎರಡೂ ಹಾಗೆಯೇ ಇದ್ದವು.

ನೆರೆಮನೆಯ ಚಹಾ

ಪಕ್ಕದ ಮನೆಯ ಮಾರ್ಗರೆಟ್ ವಯಸ್ಸಾದ ಹೆಂಗಸು. ಕೂಸಿಗೆ ಟೊಪ್ಪಿಗೆ ಹೆಣೆದಿದ್ದಳು, ನನ್ನನ್ನು ಚಹಾಕ್ಕೆ ಕರೆದಳು. “ಇನ್ನಷ್ಟು ಚಹಾ?” ಎಂದಳು. ‘ಚ್.’ “ಬಿಸ್ಕಿಟ್?” ‘ಚ್.’ ಟೊಪ್ಪಿಗೆ ತೋರಿಸಿ, “ನಿಮ್ಮಲ್ಲಿ ಹೀಗೆ ಹೆಣೆಯುತ್ತಾರೆಯೇ?” ಎಂದಳು. ‘ಚ್.’ ಮಾರ್ಗರೆಟ್ ಟೊಪ್ಪಿಗೆಯನ್ನು ಮಡಿಲಿಗೆ ಇಳಿಸಿಕೊಂಡಳು. ಕಣ್ಣಲ್ಲಿ ನೀರು.

ಸಂಜೆ ಇದನ್ನು ಹೇಳಿದಾಗ ಕಸ್ತೂರಿ ತಲೆಯ ಮೇಲೆ ಕೈ ಹೊತ್ತು ಕುಳಿತಳು. “ಅಕ್ಕಾ, ಇಲ್ಲಿ ಆ ಸದ್ದು ಮಾಡಿದ್ರ ‘ಛೀ, ನಿನಗ ನಾಚಿಕಿ ಆಗಬೇಕು’ ಅಂದಂಗ!”

ಅಂದರೆ ಬಂದ ದಿನದಿಂದ ನಾನು ಆ ಊರಿಗೆಲ್ಲ ಛೀಮಾರಿ ಹಾಕುತ್ತ ತಿರುಗಾಡಿದ್ದೆ! ತಪಾಸಣೆಯವನಿಗೆ, ಕಂಡಕ್ಟರನಿಗೆ, ತರಕಾರಿಯವಳಿಗೆ, ಕೊನೆಗೆ ಟೊಪ್ಪಿಗೆ ಹೆಣೆದ ಆ ತಾಯಿಗೆ. ಓಡಿಹೋಗಿ ಮಾರ್ಗರೆಟ್‌ಳ ಕೈ ಹಿಡಿದು, ನಮ್ಮ ದೇಶದಲ್ಲಿ ಅದು ‘ಇಲ್ಲ’ ಎಂದು ವಿವರಿಸಿದೆ. ಆಕೆ ನಕ್ಕಳು, ಆದರೆ ಅವತ್ತಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನೂ ನಾಲಿಗೆಗೆ ಬುದ್ಧಿ ಹೇಳಿದೆ. ಹುಟ್ಟಿದಾಗಿನಿಂದ ಬಂದ ನಾಲಿಗೆ, ಕೇಳುತ್ತದೆಯೇ?

ಇಷ್ಟರಲ್ಲಿ ಗೌರಿಯ ಹುಟ್ಟುಹಬ್ಬ ಬಂತು. ಊರ ಹೊರಗೆ ಒಂದು ಫಾರ್ಮ್ ಇತ್ತು, ಅಲ್ಲಿ ಮಕ್ಕಳು ಪ್ರಾಣಿಗಳಿಗೆ ತಿನಿಸು ಹಾಕಬಹುದು, ಕುದುರೆಯ ಮೇಲೆ ಕುಳಿತು ಕಾಡಂಚಿನ ದಾರಿಯಲ್ಲಿ ಸುತ್ತಿಬರಬಹುದು. ಡಾಕ್ಟರ್ ಸಾಹೇಬರು ಅಲ್ಲಿಗೇ ಮಾತಾಡಿ ಬಂದರು. ಗೌರಿ ಕುಣಿಯುತ್ತ ನನ್ನ ಹತ್ತಿರ ಬಂದಳು.

“ದೊಡ್ಡವ್ವ, ಟ್ರೇಸಿ ಬರ್ತೇನಿ ಅಂದಾಳ! ಮದಲ ಹೂಂ ಅಂದಿದ್ದಿಲ್ಲ. ನಮ್ಮ ದೊಡ್ಡವ್ವ ಕುದುರಿ ಓಡಸ್ತಾಳ, ನದಿ ದಾಟಸ್ತಾಳ ಅಂತ ಹೇಳ್ದೆ, ಆವಾಗ ಹೂಂ ಅಂದ್ಲು.”

ನಾನು ಮಡಚಿಟ್ಟಿದ್ದ ಕೂಸಿನ ಅರಿವೆಯನ್ನು ಬಿಚ್ಚಿ ಮತ್ತೆ ಮಡಚಿದೆ.

“ಮತ್ತ ಅವತ್ತ ಆ ‘ಚ್’ ಒಂದ ಮಾಡಬ್ಯಾಡ. ನನ್ನ ಇಜ್ಜತ್ ಹೋಗ್ತದ.”

ಇಜ್ಜತ್ತು! ಎಂಟೊಂಬತ್ತು ವರ್ಷದ ಕೂಸಿನ ಬಾಯಲ್ಲಿ ನಮ್ಮಪ್ಪನ ಮಾತು. ಅವತ್ತೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಗೂ ಅಲ್ಲಿ ಮಕ್ಕಳಿಗೆ ಮಾತ್ರ ಕುದುರೆ ಕೊಡುತ್ತಾರೆ, ಸೊಂಟ ನೋವು ಅಂದರೆ ಆಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಫಾರ್ಮ್: ತಿನಿಸಿನ ಹೊತ್ತು

ಶನಿವಾರ ಬೆಳಿಗ್ಗೆ ಹೋದೆವು. ಕಸ್ತೂರಿ ಕೂಸಿನ ಜೊತೆ ಮನೆಯಲ್ಲಿ ಉಳಿದಳು. ಡಾಕ್ಟರ್ ಸಾಹೇಬರ ಕೊರಳಲ್ಲಿ ಕ್ಯಾಮೆರಾ. ಟ್ರೇಸಿ ಮತ್ತು ಆಕೆಯ ಮೂವರು ಗೆಳತಿಯರು ಕಾರಿನ ಹಿಂದೆ ಒತ್ತಿಕೊಂಡು ಕುಳಿತು ನನ್ನನ್ನು ಸಿನಿಮಾದವರನ್ನು ನೋಡುವಂತೆ ನೋಡುತ್ತಿದ್ದರು.

ಫಾರ್ಮಿನ ಒಡತಿ ಜೋನ್ ಗಟ್ಟಿಮುಟ್ಟಾದ ಹೆಂಗಸು, ಮೊಣಕಾಲಿನವರೆಗೆ ರಬ್ಬರ್ ಬೂಟು. ಎಲ್ಲರ ಕೈಗೂ ಒಂದೊಂದು ಕಾಗದದ ಪೊಟ್ಟಣ ಕೊಟ್ಟಳು, ಆಡು ಕುರಿಗಳಿಗೆ ಹಾಕಲು. ಅಂಗೈ ಚಪ್ಪಟೆ ಮಾಡಿ ಹಿಡಿಯಬೇಕು, ಬೆರಳು ಮಡಿಸಬಾರದು ಎಂದು ತೋರಿಸಿದಳು. ಆಡುಗಳು ಸಾಲಾಗಿ ನಿಂತು ತಿಂದವು. ಅಫಜಲಪುರದ ಆಡಿಗೆ ಈ ಸಾಲು ಗೀಲು ಗೊತ್ತಿಲ್ಲ. ನಮ್ಮ ಶಾಲೆಯ ಗೋಡೆಗೆ ಅಂಟಿಸಿದ ‘ಓದು ಬರಹ ಕಲಿಯಿರಿ’ ಎಂಬ ಹಾಳೆಯನ್ನು ಅಂಟಿನ ಸಮೇತ ನೆಕ್ಕಿ ತಿಂದು ಮುಗಿಸಿವೆ. ಇಲ್ಲಿಯ ಜನ ಪ್ರಾಣಿಗೆ ತಿನ್ನಿಸುವುದಕ್ಕೆಂದು ಕಾರು ಹತ್ತಿ ಬರುತ್ತಾರೆ. ನಮ್ಮಲ್ಲಿ ಜನ ಕಾರು ಹತ್ತುವುದೇ ಮದುವೆಗೆ.

ತಾಯಿ ಇಲ್ಲದ ಒಂದು ಕುರಿಮರಿ ಯಾರ ಕೈಯಲ್ಲೂ ಬಾಟಲಿ ಹಿಡಿಯುತ್ತಿರಲಿಲ್ಲ. ನಾನು ನೆಲಕ್ಕೆ ಕುಳಿತು ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಬೆರಳು ಚೀಪಿಸಿ, ಆಮೇಲೆ ಬಾಟಲಿ ಕೊಟ್ಟೆ. ಗಟಗಟ ಕುಡಿಯಿತು. “ನೋಡಿದ್ಯಾ?” ಎಂದು ಗೌರಿ ಟ್ರೇಸಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಇದು ಮಾತ್ರ ನನಗೆ ನಿಜವಾಗಿ ಬರುತ್ತಿದ್ದ ವಿದ್ಯೆ. ಇಲ್ಲಿಗೇ ದಿನ ಮುಗಿದಿದ್ದರೆ!

“ನೀವು ದೊಡ್ಡ ಸವಾರರಂತೆ,” ಎಂದಳು ಜೋನ್. “ನಿಮಗೆ ನನ್ನ ಡಾಲಿಯನ್ನು ಕೊಡುತ್ತೇನೆ. ನೀವು ಮುಂದೆ ಹೋಗಿ, ಮಕ್ಕಳ ಸಣ್ಣ ತಟ್ಟುಕುದುರೆಗಳು ನಿಮ್ಮ ಹಿಂದೆ ಬರುತ್ತವೆ. ನಾನು ಮಕ್ಕಳ ಪಕ್ಕ ನಡೆಯುತ್ತೇನೆ.”

ಸೊಂಟ ನೋವಿನ ಮಾತು ಗಂಟಲಿಗೆ ಬಂತು. ಗೌರಿಯ ಮುಖ ನೋಡಿದೆ. ಟ್ರೇಸಿ ಆಕೆಯ ತೋಳಿಗೆ ತೋಳು ಸೇರಿಸಿ ನಿಂತಿದ್ದಳು. ಸೀರೆ ಸರಿಮಾಡಿಕೊಂಡು ಬರುತ್ತೇನೆಂದು ಹೇಳಿ ಕೊಟ್ಟಿಗೆಯ ಹಿಂದೆ ಹೋದೆ. ನಮ್ಮವ್ವ ಹೊಲಕ್ಕೆ ಹೋಗುವಾಗ ಉಡುತ್ತಿದ್ದಂತೆ ಕಚ್ಚೆ ಹಾಕಿ ಉಟ್ಟೆ. ಅಷ್ಟು ಹೊತ್ತಿನಲ್ಲಿ ಅತ್ತ ಜೋನ್ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಲಗಾಮು ಹೇಗೆ ಹಿಡಿಯಬೇಕು, ಹೇಗೆ ನಿಲ್ಲಿಸಬೇಕು, ಹೇಗೆ ಹೊರಡಿಸಬೇಕು. ನಾನು ಬಂದಾಗ ಪಾಠ ಮುಗಿದಿತ್ತು. ಸವಾರರಿಗೆ ಯಾರು ಪಾಠ ಹೇಳುತ್ತಾರೆ?

ಫಾರ್ಮ್: ಸವಾರಿ

ಡಾಲಿ ಬಿಳಿಯ ಕುದುರೆ. ನಮ್ಮ ಗೌಡರ ಕುದುರೆ ಇದರ ಹೊಟ್ಟೆಯ ಕೆಳಗೆ ನುಸುಳಿ ಹೋಗಬಹುದಿತ್ತು. ಸ್ಟೂಲಿನ ಮೇಲೆ ಹತ್ತಿ, ಕಲ್ಲುಕಟ್ಟೆಯ ಮೇಲೆ ಹತ್ತಿ, ಡಾಕ್ಟರ್ ಸಾಹೇಬರು ಒಂದು ಕಡೆ, ಜೋನ್ ಒಂದು ಕಡೆ ಒತ್ತಿ ನನ್ನನ್ನು ಮೇಲೆ ಕೂರಿಸಿದರು. ಡಾಕ್ಟರ್ ಸಾಹೇಬರು ಕೆಳದನಿಯಲ್ಲಿ ಕೇಳಿದರು, “ಅಕ್ಕಾರ, ಖರೇನ ನಿಮಗ ಬರ್ತದೇನ್ರಿ?”

ಗೌರಿ ಹಿಂದಿನ ತಟ್ಟುವಿನ ಮೇಲಿಂದ ಕೇಳಿಸಿಕೊಳ್ಳುತ್ತಿದ್ದಳು. “ಯಾಕ ಬರಂಗಿಲ್ಲ?” ಅಂದೆ.

ಡಾಲಿ ತಾನಾಗಿಯೇ ನಾಲ್ಕು ಹೆಜ್ಜೆ ಹಾಕಿತು. ಭೂಮಿ ದೂರ ಕೆಳಗೆ ಸರಿಯಿತು. ಅದರ ಕೊರಳಿನ ಕಂಬಳಿಯಂಥ ಕೂದಲಿಗೆ ಎರಡೂ ಕೈಯಿಂದ ಜೋತುಬಿದ್ದೆ. ಹಿಂದಿನಿಂದ ಜೋನ್ ಕೂಗಿದಳು, “ಆರಾಮಾಗಿದ್ದೀರಾ, ಲವ್?”

“ಚ್!” ಅಂದಿತು ನಾಲಿಗೆ.

ಡಾಲಿಯ ಕಿವಿ ನೆಟ್ಟಗಾಯಿತು. ಬೇಗ ಬೇಗ ನಡೆಯತೊಡಗಿತು. ಆ ದೇಶದಲ್ಲಿ ಕುದುರೆಗೆ ‘ಚ್’ ಅಂದರೆ ‘ನಡೆ’ ಎಂದರ್ಥ. ಇದು ಅಲ್ಲಿದ್ದವರಿಗೆಲ್ಲ, ಐದು ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

“ಎಲ್ಲ ಸರಿಯಾಗಿದೆಯೇ?” ಎಂದಳು ಜೋನ್.

“ಚ್! ಚ್!”

ಈಗ ಡಾಲಿ ಓಡತೊಡಗಿತು. ಮುಂದಿನ ಕುದುರೆ ಓಡಿದರೆ ಹಿಂದಿನವು ಬಿಟ್ಟಾವೆಯೇ? ತಟ್ಟುಗಳೆಲ್ಲ ಟಪಟಪ ಹಿಂದೆ ಬಂದವು. ಜೋನ್ “ನಿಲ್ಲಿಸಿ, ನಿಲ್ಲಿಸಿ” ಎಂದು ಕೂಗುತ್ತ ಬೂಟು ಎಳೆದುಕೊಂಡು ಓಡುತ್ತಿದ್ದಳು. ನನಗೆ ನಿಲ್ಲಿಸುವುದು ಗೊತ್ತಿದ್ದರೆ ತಾನೆ! ಎತ್ತಿಗೆ ಅನ್ನುವಂತೆ “ಹೋ ಹೋ” ಅಂದೆ, ಅದಕ್ಕೆ ಯಾವ ಲಕ್ಷ್ಯವೂ ಇಲ್ಲ. ಕೊನೆಗೆ ಇದ್ದಬದ್ದ ಮರ್ಯಾದೆ ಬಿಟ್ಟು ಕಿರುಚಿದೆ.

“ಯಪ್ಪಾ ಸತ್ತೆ! ನಂಗ ಬರಂಗಿಲ್ರೋ! ನಾ ಕುದುರಿ ಹತ್ತಿದಾಕಿ ಅಲ್ಲ! ಯಾರರ ಇಳಸ್ರೋ!”

ಕಾಡಂಚಿನ ದಾರಿ ಬಾಗಿ ಮತ್ತೆ ಫಾರ್ಮಿಗೇ ಬರುತ್ತದೆ. ಡಾಲಿಗೆ ಅಲ್ಲಿ ತಿನಿಸಿನ ತೊಟ್ಟಿ ಇರುವುದು ಗೊತ್ತು. ನೇರವಾಗಿ ಹೋಗಿ ತೊಟ್ಟಿಯಲ್ಲಿ ಮುಖ ಇಟ್ಟು ನಿಂತಿತು. ನಾನು ಅದರ ಕೊರಳನ್ನು ತಬ್ಬಿಕೊಂಡು ಬೋರಲು ಮಲಗಿದ್ದೆ. ಹಿಂದೆ ಧಪ್ ಎಂಬ ಸದ್ದು ಕೇಳಿಸಿತು.

ತಿರುಗಿ ನೋಡಿದರೆ ಗೌರಿ ಕೆಸರಿನಲ್ಲಿ ಕುಳಿತಿದ್ದಳು. ಹೊಸ ಬಟ್ಟೆಯೆಲ್ಲ ಕೆಸರು, ಮೊಣಕೈ ತರಚಿ ರಕ್ತ. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನಾನು ಕಿರುಚಿದ್ದು ಅಲ್ಲಿ ಅರ್ಥವಾಗಿದ್ದು ಇಬ್ಬರಿಗೇ, ಅದರಲ್ಲಿ ಆಕೆ ಒಬ್ಬಳು.

ಹೇಗೆ ಇಳಿದೆನೋ ತಿಳಿಯದು. ಓಡಿಹೋಗಿ ಕೆಸರಿನಲ್ಲೇ ಕುಳಿತು ಆಕೆಯ ಕೈ ಹಿಡಿದೆ. “ಚ್ ಚ್ ಚ್, ನನ್ನ ಬಂಗಾರ, ಚ್ ಚ್ ಚ್...”

ನಿಂತಿದ್ದ ತಟ್ಟುಗಳು ನಾಲ್ಕೂ ತಲೆಯೆತ್ತಿ ಮಕ್ಕಳ ಸಮೇತ ಮತ್ತೆ ಹೊರಟವು.

ಜೋನ್ ಅಡ್ಡ ಬಂದು ಹಿಡಿದಳು. ಹುಡುಗಿಯರು ಹೆದರಲಿಲ್ಲ, ಖುಷಿಯಿಂದ ಚೀರಿದರು. ಟ್ರೇಸಿಯಂತೂ ಚಪ್ಪಾಳೆ ತಟ್ಟಿದಳು. “ಗೌರಿ! ನಿಮ್ಮ ದೊಡ್ಡಮ್ಮ ಕುದುರೆಗಳ ಭಾಷೆ ಮಾತಾಡುತ್ತಾಳೆ! ಹೇಳಿದಂತೆ ಕೇಳುತ್ತವೆ!” ನನ್ನ ಬೊಬ್ಬೆಯನ್ನೂ ಅವರು ಅದೇ ಭಾಷೆ ಎಂದುಕೊಂಡಿದ್ದರು.

ಜೋನ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಆಕೆಯ ಮುಖ ಬಿಳುಚಿಕೊಂಡಿತ್ತು. ಡಾಕ್ಟರ್ ಸಾಹೇಬರಿಗೆ, “ಮೊದಲೇ ಹೇಳಬೇಕಿತ್ತು. ಮಗುವಿನ ಕತ್ತು ಮುರಿಯುತ್ತಿತ್ತು,” ಎಂದಳು. ಡಾಕ್ಟರ್ ಸಾಹೇಬರು ನನ್ನ ಪರವಾಗಿ ಕೈ ಮುಗಿದರು. ಆ ಮನುಷ್ಯ ಇಡೀ ಊರಿಗೆ ಔಷಧ ಕೊಡುವವರು, ಕೆಸರಿನಲ್ಲಿ ನಿಂತು ನನ್ನ ಸಲುವಾಗಿ ತಪ್ಪಾಯಿತು ಅನ್ನುತ್ತಿದ್ದರು. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಕೇಕು ಕತ್ತರಿಸುವಾಗ ಟ್ರೇಸಿ ಗೌರಿಯ ಪಕ್ಕದಲ್ಲೇ ಕುಳಿತಳು. ನಾಲ್ವರೂ ನಾಲಿಗೆಯಲ್ಲಿ ಚ್ ಚ್ ಎಂದು ಆಡುತ್ತಿದ್ದರು. ಗೌರಿಗೆ ಬೇಕಾದದ್ದೆಲ್ಲ ಅವತ್ತು ಸಿಕ್ಕಿತ್ತು. ಆದರೆ ಆಕೆ ಕೇಕು ತಿನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಭಾನುವಾರ

ಎಣ್ಣೆ ಬಟ್ಟಲು ಹಿಡಿದು ಹೋದೆ. “ಬ್ಯಾಡ,” ಅಂದಳು. ರೊಟ್ಟಿಗೆ ತುಪ್ಪ ಸವರಿ ಕೊಟ್ಟೆ. “ಬ್ಯಾಡ.” ತಾಯಿ ಕೇಳಿದರೆ, ಹುಟ್ಟುಹಬ್ಬ ಛಲೋ ಆಯಿತು ಎಂದು ಹೇಳಿ ಮೇಲೆ ಹೋದಳು. ನನ್ನ ಸುಳ್ಳನ್ನು ಆ ಕೂಸು ತನ್ನ ತಾಯಿಯಿಂದಲೂ ಮುಚ್ಚಿಡುತ್ತಿತ್ತು. ಇದಕ್ಕಿಂತ ಬೈದಿದ್ದರೆ ಬೇಕಿತ್ತು.

ಕಸ್ತೂರಿಗೆ ನಾನೇ ಎಲ್ಲ ಹೇಳಿದೆ. ಮೊದಲು ನಕ್ಕಳು, ಮೋತಿಯ ಹೆಸರು ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೂಸನ್ನು ತೊಟ್ಟಿಲಿಗೆ ಹಾಕುತ್ತ ಅಂದಳು, “ನನಗ ಯಾಕ ಹೇಳಾಕತ್ತೀ ಅಕ್ಕಾ? ಆಕಿಗಿ ಹೇಳು.”

ಸುಳ್ಳು ಹೇಳಬಾರದು ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೆ ನಾನು. ಒಂಬತ್ತು ವರ್ಷದ ಹುಡುಗಿಯ ಕೋಣೆಯ ಬಾಗಿಲವರೆಗೆ ಹೋಗಿ ಬಂದೆ, ಬಾಗಿಲು ಬಡಿಯುವ ಧೈರ್ಯ ಆಗಲಿಲ್ಲ. ಬಡಿದು ಏನು ಹೇಳಲಿ? ನಿನ್ನ ಕಣ್ಣಿಗೆ ನಾನು ಬರಬೇಕಾಗಿತ್ತು, ಅದಕ್ಕೆ ಹೇಳಿದೆ ಎಂದೇ? ನಾಚಿಕೆಯಿಂದ ಮೈ ಬಿಸಿಯಾಗಿ, ಆ ಚಳಿಯಲ್ಲೂ ಸ್ವೆಟರ್ ತೆಗೆದಿಟ್ಟೆ.

ಶಾಲೆಯ ಗೇಟು

ಸೋಮವಾರ ಸಂಜೆ ನಾನು ಮೊದಲಿನಂತೆ ಮೂಲೆಯಲ್ಲೇ ನಿಂತೆ. ಗೌರಿ ಬರಲಿ, ಮುಂದೆ ಮುಂದೆ ನಡೆಯಲಿ, ನಾನು ಹಿಂದೆ ಹೋಗುತ್ತೇನೆ ಎಂದುಕೊಂಡೆ. ಆದರೆ ಟ್ರೇಸಿ ಗೌರಿಯ ಕೈ ಎಳೆದುಕೊಂಡು ನನ್ನ ಹತ್ತಿರವೇ ಓಡಿಬಂದಳು. ಹಿಂದೆ ಒಂದು ಹಿಂಡು ಮಕ್ಕಳು.

“ಇವರು ನಂಬುತ್ತಿಲ್ಲ,” ಎಂದಳು ಟ್ರೇಸಿ. “ನೀವೇ ಹೇಳಿ. ನಿಮ್ಮ ಊರಿನಲ್ಲಿ ನಿಮಗೆ ಸ್ವಂತ ಕುದುರೆ ಇತ್ತು, ಅಲ್ಲವೇ?”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗೌರಿ ತನ್ನ ಬೂಟನ್ನು ನೋಡುತ್ತಿದ್ದಳು. ಮೊಣಕೈಗೆ ಪಟ್ಟಿ. ಹೌದು ಅಂದರೆ ಆಕೆಯ ಎದುರಿಗೇ ಇನ್ನೊಂದು ಸುಳ್ಳು. ಇಲ್ಲ ಅಂದರೆ ಆಕೆ ನಾಳೆಯಿಂದ ಮತ್ತೆ ಆ ಗೋಡೆಗೆ. ಮಾಡಿದವಳು ನಾನು, ಅನುಭವಿಸುವವಳು ಆ ಕೂಸು. 

ಆಗ ನಾಲಿಗೆ ಹಲ್ಲಿನ ಹಿಂದೆ ಹೋಯಿತು. ಆ ಭಾನುವಾರ ಎಣ್ಣೆ ಹಚ್ಚುವಾಗ ಹೇಳಬೇಕಾಗಿದ್ದ ಒಂದೇ ಒಂದು ಮಾತನ್ನು ಅವತ್ತು ಗೌರಿಯ ಮುಖ ನೋಡುತ್ತ ಹೇಳಿದೆ.

“ಚ್.”

“ನೋಡಿದಿರಾ! ಅದೇ!” ಎಂದು ಕೂಗಿದಳು ಟ್ರೇಸಿ. ಮಕ್ಕಳೆಲ್ಲ ಚ್ ಚ್ ಎನ್ನುತ್ತ ಕುದುರೆಗಳಾಗಿ ರಸ್ತೆಯುದ್ದಕ್ಕೂ ಓಡಿದರು. ಗೌರಿ ಓಡಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು.

ನಿಜ ಹೇಳಿದ್ದೆ, ಆದರೆ ಒಬ್ಬಳಿಗೆ ಮಾತ್ರ ಕೇಳುವಂತೆ ಹೇಳಿದ್ದೆ. ಇದೂ ಅರ್ಧ ಸುಳ್ಳೇ ಎಂದು ನನಗೆ ಗೊತ್ತಿದೆ. ಕನ್ನಡ ಟೀಚರ್ ಆಗಿ ಮಾಡಿದ ಈ ಜಾಣತನಕ್ಕೆ ಈಗಲೂ ತಲೆ ತಗ್ಗುತ್ತದೆ.

ಮನೆಯ ಕಡೆ ನಡೆದೆವು. ಗೌರಿ ಮುಂದೆ ಹೋಗಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಪಕ್ಕದಲ್ಲೇ ನಡೆದಳು. ಮಾರ್ಗರೆಟ್‌ಳ ಬೇಲಿ ಬಂದಾಗ ತಡೆಯಲಾಗದೆ ಕೇಳಿದೆ.

“ನನ್ನ ಮ್ಯಾಲ ಸಿಟ್ಟ ಅದೇನವ್ವಾ?”

ಗೌರಿ ನಿಂತಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಡಾಕ್ಟರ್ ಸಾಹೇಬರ ಸ್ವೆಟರ್, ಕಚ್ಚೆ ಹಾಕಿದಾಗ ಹರಿದು ಮತ್ತೆ ಹೊಲಿದ ಸೀರೆ, ಕಾಲುಚೀಲ, ಚಪ್ಪಲಿ.

“ಚ್,” ಅಂದಳು.

ಅಬ್ಬಾ ಎಂದು ನಾನು ಉಸಿರು ಬಿಡುವುದರೊಳಗೆ ಇನ್ನೆರಡು ಸೇರಿಸಿ ಮೂರು ಮಾಡಿದಳು.

“ಚ್, ಚ್.”